ಗೆದ್ದವರ ಗ್ರಂಥದಲ್ಲಿ ಸೋತವರ ಮಾತು

ಕ್ರಿಸ್ತಶಕ ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಸೆಲ್ಸಸ್ ಎಂಬ ವಿದ್ವಾಂಸನೊಬ್ಬನು, ರೋಮನ್ ಸಾಮ್ರಾಜ್ಯದ ಪಟ್ಟಣಗಳಲ್ಲಿ ಆಗತಾನೆ ಬೇರೂರುತ್ತಿದ್ದ ಕ್ರೈಸ್ತಮತವನ್ನು ಖಂಡಿಸುವ ಉದ್ದೇಶದಿಂದ, ‘ಸತ್ಯಸಿದ್ಧಾಂತ’ ಎಂಬರ್ಥದ ಹೆಸರನ್ನಿಟ್ಟು ಗ್ರೀಕ್ ಭಾಷೆಯಲ್ಲಿ ಒಂದು ಗ್ರಂಥವನ್ನು ರಚಿಸಿದನು. ಆ ಗ್ರಂಥದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹಾಗಿದ್ದರೂ ಅದರಲ್ಲಿ ಏನಿದ್ದಿತು, ಯಾವ ಕ್ರಮದಲ್ಲಿ ಇದ್ದಿತು, ಅದರ ಧಾಟಿ ಎಷ್ಟು ಹರಿತವಾಗಿದ್ದಿತು ಎಂಬುದೆಲ್ಲ ನಮಗೆ ಬಹುಮಟ್ಟಿಗೆ ತಿಳಿದಿದೆ. ಏಕೆಂದರೆ ಸುಮಾರು ಎಪ್ಪತ್ತು ವರ್ಷಗಳ ಅನಂತರ, 248ರ ಆಸುಪಾಸಿನಲ್ಲಿ, ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿ ಪ್ಯಾಲೆಸ್ಟೈನಿನ ಸಿಸೇರಿಯದಲ್ಲಿ ನೆಲೆಸಿದ್ದ ಒರಿಜೆನ್ ಎಂಬ ಕ್ರೈಸ್ತ ಪಂಡಿತನು ಆ ಗ್ರಂಥವನ್ನು ಮುಂದಿಟ್ಟುಕೊಂಡು, ಅದರ ವಾಕ್ಯವಾಕ್ಯವನ್ನೂ ಎತ್ತಿ ಬರೆದು, ಒಂದೊಂದಕ್ಕೂ ಉತ್ತರವನ್ನು ಹೇಳುತ್ತ ಎಂಟು ಭಾಗಗಳ ಖಂಡನಗ್ರಂಥವೊಂದನ್ನು ಬರೆದನು. ಚರ್ಚು ಒರಿಜೆನ್ನನ ಪುಸ್ತಕವನ್ನು ಕಾಪಾಡಿತು. ಅದರ ಹೊಟ್ಟೆಯೊಳಗಿದ್ದ ಸೆಲ್ಸಸನೂ ತನಗರಿವಿಲ್ಲದೆಯೇ ಬದುಕಿಕೊಂಡನು.

ನಮ್ಮ ಶಾಸ್ತ್ರಗ್ರಂಥಗಳ ರೀತಿಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಚಾರ್ವಾಕರ ಮತವನ್ನು ನಾವು ತಿಳಿದಿರುವುದು ಹೆಚ್ಚಾಗಿ ಅವರನ್ನು ನಿರಾಕರಿಸಿದವರ ಬಾಯಿಂದಲೇ ಅಲ್ಲವೆ? ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹವು ಆರಂಭವಾಗುವುದೇ ಚಾರ್ವಾಕದರ್ಶನದಿಂದ. ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸಿ ಆಮೇಲೆ ಕೆಡಹಬೇಕೆಂಬುದು ನಮ್ಮವರ ಮರ್ಯಾದೆ. ಒರಿಜೆನ್ನನು ಈ ಮರ್ಯಾದೆಯನ್ನು ಯಾರಿಂದ ಕಲಿತನೋ ಏನೋ, ಅಂತೂ ಎದುರಾಳಿಯ ಮಾತನ್ನು ಮೊಟಕುಮಾಡಿ ಗೆಲ್ಲುವ ಚಪಲ ಅವನಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನಾನು ಈ ವಿಷಯದಲ್ಲಿ ವಿದ್ವಾಂಸನಲ್ಲ. ಗ್ರೀಕ್, ಲ್ಯಾಟಿನ್ ಬಲ್ಲವನೂ ಅಲ್ಲ. ಇಂಗ್ಲಿಷ್ ಅನುವಾದಗಳ ಊರುಗೋಲನ್ನು ಹಿಡಿದು ಬಿಡುವಿನ ವೇಳೆಯಲ್ಲಿ ಈ ದಾರಿಯನ್ನು ನಡೆದವನು. ಪ್ರಾಚೀನ ರೋಮಿನ ದೇವತಾರಾಧನೆಗೂ ಮೊದಲ ಕ್ರೈಸ್ತರಿಗೂ ನಡೆದ ಸುಮಾರು ಮುನ್ನೂರು ವರ್ಷಗಳ ವ್ಯಾಜ್ಯವನ್ನು ಓದಬೇಕೆಂಬ ಆಸೆಯುಳ್ಳವರು ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವುದು ದೊಡ್ಡ ಚರಿತ್ರೆಗಳನ್ನು: ಒಂದೋ, ನಾಲ್ಕನೆಯ ಶತಮಾನದ ಆದಿಯಲ್ಲಿ ಸಿಸೇರಿಯದ ಬಿಷಪ್ಪನಾಗಿದ್ದ ಯೂಸೀಬಿಯಸನ ಚರ್ಚಿನ ಇತಿಹಾಸವನ್ನು, ಇಲ್ಲವೇ, 1776ರಲ್ಲಿ ಮೊದಲ ಸಂಪುಟವು ಹೊರಬಂದು ಅದರ ಹದಿನೈದು ಹದಿನಾರನೆಯ ಅಧ್ಯಾಯಗಳಿಂದ ಇಂಗ್ಲೆಂಡಿನ ಪಾದ್ರಿಗಳ ಕೋಪಕ್ಕೆ ಗುರಿಯಾದ ಗಿಬ್ಬನ್ನನ ಮಹಾಗ್ರಂಥವನ್ನು. ಇಬ್ಬರೂ ಓದತಕ್ಕವರೇ, ಆದರೆ ಇಬ್ಬರೂ ವಕೀಲರು. ಯೂಸೀಬಿಯಸನಿಗೆ ಎಲ್ಲವೂ ದೈವಸಂಕಲ್ಪದ ವಿಜಯಯಾತ್ರೆ, ಗಿಬ್ಬನ್ನನಿಗೆ ಎಲ್ಲವೂ ಮೂಢಭಕ್ತಿಯ ಮುನ್ನಡೆ. ಈ ಎರಡು ವಾದಗಳ ಮಧ್ಯೆ ಸಿಕ್ಕಿದ ಓದುಗನು ರೋಮನ್ ಪ್ರಪಂಚವೆಂದರೆ ಎರಡು ಪಾಳೆಯಗಳು ಎದುರುಬದುರಾಗಿ ನಿಂತ ರಣಭೂಮಿಯೆಂದು ಭಾವಿಸಿಬಿಡುತ್ತಾನೆ. ವಾದಗಳನ್ನು ಬದಿಗಿಟ್ಟು ಕಡತಗಳನ್ನೇ, ಎಂದರೆ ಕಾಗದಪತ್ರ, ಅರ್ಜಿ, ವರದಿಗಳನ್ನೇ ತೆರೆದು ಓದತೊಡಗಿದರೆ ಚಿತ್ರ ಬೇರೆಯಾಗುತ್ತದೆ. ಯಾವ ತರ್ಕವನ್ನು ನಿನ್ನೆ ಒಂದು ಪಕ್ಷವು ಹೂಡುತ್ತಿದ್ದಿತೋ ಅದನ್ನೇ ನಾಳೆ ಇನ್ನೊಂದು ಪಕ್ಷವು ಹೂಡುವುದನ್ನು, ಅಧಿಕಾರವು ಕೈಬದಲಾದಂತೆ ವಾದಗಳೂ ಕೈಬದಲಾಗುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಸೆಲ್ಸಸನ ಆಕ್ಷೇಪಣೆಗಳನ್ನೇ ನೋಡೋಣ. ಕ್ರೈಸ್ತರು ಒಬ್ಬನೇ ದೇವರೆನ್ನುತ್ತಾರೆಂಬುದು ಅವನಿಗೆ ಮುಖ್ಯ ದೂರಲ್ಲ. ಪ್ಲೇಟೋವಿನ ದಾರಿಯಲ್ಲಿ ನಡೆದ ಅವನೂ ಎಲ್ಲಕ್ಕೂ ಮೇಲಾದ ಒಂದು ಪರತತ್ತ್ವವನ್ನು ಒಪ್ಪಿದವನೇ. ಅವನ ಸಿಟ್ಟು ಇರುವುದು ಅವರ ಹೊಸತನದ ಮೇಲೆ. ಯೆಹೂದ್ಯರ ಆಚಾರಗಳು ವಿಚಿತ್ರವಾಗಿರಬಹುದು, ಆದರೆ ಅವು ಅವರ ಪಿತೃಗಳಿಂದ ಬಂದವು. ಪ್ರತಿಯೊಂದು ಜನಾಂಗವೂ ತನ್ನ ಹಿರಿಯರ ಪದ್ಧತಿಯನ್ನು ಪಾಲಿಸುವುದು ಯುಕ್ತ. ಇವರಾದರೋ ಯೆಹೂದ್ಯರಿಂದಲೂ ಸಿಡಿದು ಹೊರಬಂದವರು, ಇವರಿಗೆ ಪಿತೃಗಳೂ ಇಲ್ಲ, ಪದ್ಧತಿಯೂ ಇಲ್ಲ ಎಂಬುದು ಅವನ ವಾದದ ಸಾರ. ಇದರ ಜೊತೆಗೆ ಉಣ್ಣೆ ಹದಮಾಡುವವರು, ಚಮ್ಮಾರರು, ಬಟ್ಟೆ ಒಗೆಯುವವರು ಮುಂತಾದ ಅಕ್ಷರವಿಲ್ಲದ ಜನರು ಮನೆಮನೆಗಳ ಒಳಭಾಗದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕಲೆಹಾಕಿಕೊಂಡು, ತಂದೆಯ ಮಾತನ್ನೂ ಉಪಾಧ್ಯಾಯನ ಮಾತನ್ನೂ ಕೇಳಬೇಡಿರೆಂದು ಕಿವಿಯೂದುತ್ತಾರೆಂಬ ದೂರೂ ಉಂಟು. ಸಭ್ಯ ಗೃಹಸ್ಥನೊಬ್ಬನ ಸಿಡಿಮಿಡಿ ಈ ಭಾಗದಲ್ಲಿ ಎಷ್ಟು ಜೀವಂತವಾಗಿದೆಯೆಂದರೆ, ಅವನನ್ನು ಒಪ್ಪದವರಿಗೂ ಅವನ ಮುಖಭಾವ ಕಾಣುವಂತಿದೆ. ಆದರೆ ಗ್ರಂಥದ ಕೊನೆಯಲ್ಲಿ ಅವನ ಸ್ವರ ಬದಲಾಗುತ್ತದೆ. ಎಲ್ಲರೂ ನಿಮ್ಮಂತೆಯೇ ರಾಜಕಾರ್ಯದಿಂದ ಹಿಂಜರಿದರೆ ಚಕ್ರವರ್ತಿಯು ಒಂಟಿಯಾಗುತ್ತಾನೆ, ರಾಜ್ಯವು ಅನಾಗರಿಕರ ಪಾಲಾಗುತ್ತದೆ, ಬನ್ನಿರಿ, ನಮ್ಮೊಡನೆ ಸೇರಿ ನಾಡಿನ ಹೊರೆಯನ್ನು ಹೊರಿರಿ ಎಂದು ಅವನು ಹೆಚ್ಚುಕಡಮೆ ಬೇಡಿಕೊಳ್ಳುತ್ತಾನೆ.

ಹೊಸತನದ ಈ ಆಪಾದನೆಯು ಕ್ರೈಸ್ತರನ್ನು ಬಹುವಾಗಿ ಚುಚ್ಚಿದುದರಿಂದಲೇ ಅವರು ಅದನ್ನು ನಿರಾಕರಿಸಲು ಅಷ್ಟು ಶ್ರಮಪಟ್ಟರು. ನಮ್ಮ ಧರ್ಮವು ನಿನ್ನೆಯದಲ್ಲ; ಮೋಸೆಸನು ಪ್ಲೇಟೋವಿಗಿಂತಲೂ ಹೋಮರನಿಗಿಂತಲೂ ಪ್ರಾಚೀನನು; ನಿಮ್ಮ ತತ್ತ್ವಜ್ಞರು ಅವನಿಂದ ಎರವಲು ಪಡೆದವರು ಎಂದು ಒರಿಜೆನ್ನನೂ ಅವನಿಗೆ ಹಿಂದಿನವರೂ ವಾದಿಸಿದರು. ಹಳೆಯದೇ ಸತ್ಯವೆಂಬ ಮೂಲಪ್ರತಿಜ್ಞೆಯಲ್ಲಿ ಇಬ್ಬರಿಗೂ ಭೇದವಿರಲಿಲ್ಲವೆಂಬುದನ್ನು ಓದುಗನು ಗಮನದಲ್ಲಿಟ್ಟುಕೊಳ್ಳಬೇಕು. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಸೆಲ್ಸಸನಿಗಿಂತ ಗಟ್ಟಿಯಾದ ಎದುರಾಳಿ ಪಾರ್ಫಿರಿ. ಮೂರನೆಯ ಶತಮಾನದ ಈ ತತ್ತ್ವಜ್ಞನು ಬೈಬಲ್ಲಿನ ದಾನಿಯೇಲನ ಪುಸ್ತಕವು ಆಂಟಿಯೋಕಸ್ ಎಪಿಫನೀಸ್ ಎಂಬ ರಾಜನ ಕಾಲದ, ಎಂದರೆ ಕ್ರಿಸ್ತಪೂರ್ವ ಎರಡನೆಯ ಶತಮಾನದ ಘಟನೆಗಳವರೆಗೆ ನಿಖರವಾಗಿದ್ದು, ಆಮೇಲೆ ತಪ್ಪುತ್ತದೆ, ಆದುದರಿಂದ ಅದು ಆ ಕಾಲದಲ್ಲಿಯೇ ಬರೆದ ವೃತ್ತಾಂತವಲ್ಲದೆ ಪ್ರಾಚೀನ ಭವಿಷ್ಯವಾಣಿಯಲ್ಲ ಎಂದು ಸಾಧಿಸಿದನು. ಇಂದಿನ ವಿಮರ್ಶಕ ವಿದ್ವಾಂಸರಲ್ಲಿ ಬಹುಮಂದಿ ಇದೇ ನಿರ್ಣಯಕ್ಕೆ ಬಂದಿದ್ದಾರೆ. ಅವನ ಗ್ರಂಥವನ್ನು ಸುಡಬೇಕೆಂದು 448ರಲ್ಲಿ ರಾಜಾಜ್ಞೆಯಾಯಿತು. ದಾನಿಯೇಲನ ಕುರಿತ ಅವನ ವಾದವಾದರೋ ಅದನ್ನು ಖಂಡಿಸಲು ಹೊರಟ ಸಂತ ಜೆರೋಮನ ವ್ಯಾಖ್ಯಾನದಲ್ಲಿ ಸುಖವಾಗಿ ಕುಳಿತಿದೆ.

ಇನ್ನು ಅಧಿಕಾರಿಗಳ ಕಡತಕ್ಕೆ ಬರೋಣ. 112ರ ಸುಮಾರಿನಲ್ಲಿ ಕಪ್ಪುಸಮುದ್ರದ ದಕ್ಷಿಣತೀರದ ಬಿಥಿನಿಯ-ಪಾಂಟಸ್ ಪ್ರಾಂತದ ಆಡಳಿತವನ್ನು ವಹಿಸಿಕೊಂಡಿದ್ದ ಕಿರಿಯ ಪ್ಲಿನಿಯು ಚಕ್ರವರ್ತಿ ಟ್ರೇಜನನಿಗೆ ಬರೆದ ಪತ್ರವೂ ಚಕ್ರವರ್ತಿಯು ಕೊಟ್ಟ ಚಿಕ್ಕ ಉತ್ತರವೂ ಈ ಅಧ್ಯಯನದ ಪ್ರವೇಶದ್ವಾರವೆಂದು ನನ್ನ ಮತ. ಎರಡನ್ನೂ ಓದಿ ಮುಗಿಸಲು ಕಾಲುಗಂಟೆ ಸಾಕು. ಪ್ಲಿನಿಯು ಕ್ರೂರಿಯಲ್ಲ; ವಿದ್ಯಾವಂತ, ಸ್ವಲ್ಪ ಪುಕ್ಕಲು, ಎಲ್ಲಕ್ಕೂ ಮೇಲಿನವರ ಅಪ್ಪಣೆಯನ್ನು ಬಯಸುವ ಅಧಿಕಾರಿ. ಅವನ ಮುಂದೆ ಕೆಲವರನ್ನು ಕ್ರೈಸ್ತರೆಂದು ತಂದು ನಿಲ್ಲಿಸಿದರು. ಹಿಂದೆ ಇಂಥ ವಿಚಾರಣೆಗಳಲ್ಲಿ ತಾನು ಹಾಜರಿರಲಿಲ್ಲವಾದುದರಿಂದ ಕ್ರಮ ತಿಳಿಯದೆಂದು ಅವನು ಒಪ್ಪಿಕೊಳ್ಳುತ್ತಾನೆ. ಎಳೆಯರಿಗೂ ಬೆಳೆದವರಿಗೂ ಭೇದವೆಣಿಸಬೇಕೆ? ಪಶ್ಚಾತ್ತಾಪಪಟ್ಟವರಿಗೆ ಕ್ಷಮೆಯುಂಟೆ? ಕ್ರೈಸ್ತನೆಂಬ ಹೆಸರೇ ಅಪರಾಧವೋ, ಅಥವಾ ಆ ಹೆಸರಿನ ಹಿಂದಿರುವ ದುಷ್ಕೃತ್ಯಗಳು ಅಪರಾಧವೋ? ಹೀಗೆ ಸಂದೇಹಗಳ ಪಟ್ಟಿಯನ್ನು ಮಂಡಿಸಿದ ಮೇಲೆ, ತಾನು ಅದುವರೆಗೆ ಅನುಸರಿಸಿದ ವಿಧಾನವನ್ನು ನಿರ್ವಿಕಾರವಾಗಿ ವರ್ಣಿಸುತ್ತಾನೆ: ಮೂರು ಸಲ ಕೇಳಿದ್ದಾಯಿತು, ಮೂರು ಸಲವೂ ಹೌದೆಂದವರನ್ನು ವಧಸ್ಥಾನಕ್ಕೆ ಕಳುಹಿಸಿದ್ದಾಯಿತು, ರೋಮಿನ ಪೌರರಾದವರನ್ನು ರೋಮಿಗೆ ಕಳುಹಿಸಲು ಗುರುತುಮಾಡಿದ್ದಾಯಿತು. ಅವರು ಒಪ್ಪಿಕೊಂಡದ್ದು ಏನೇ ಆಗಿರಲಿ, ಅವರ ಹಟಮಾರಿತನವಂತೂ ಶಿಕ್ಷಾರ್ಹವೆಂಬುದರಲ್ಲಿ ಅವನಿಗೆ ಸಂಶಯವಿಲ್ಲ. ಕೊಲ್ಲಿಸಿದ ಬಳಿಕ ಅಪರಾಧ ಯಾವುದೆಂದು ವಿಚಾರಿಸುವ ಈ ಕಡತವು ಸರಕಾರಿ ಕಾರ್ಯವಿಧಾನದ ಕನ್ನಡಿಯಾಗಿ ಎಲ್ಲ ಕಾಲಕ್ಕೂ ಸಲ್ಲುವಂತಿದೆ.

ಕ್ರೈಸ್ತರು ಕೂಡಿ ಏನು ಮಾಡುತ್ತಿದ್ದರೆಂಬುದಕ್ಕೆ ಹೊರಗಿನವನೊಬ್ಬನು ಕೊಟ್ಟ ಅತಿ ಪ್ರಾಚೀನ ವಿವರಣೆಯೂ ಇದೇ ಪತ್ರದಲ್ಲಿದೆ. ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರುತ್ತಿದ್ದರು. ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುತ್ತಿದ್ದರು. ಕಳವು, ಸುಲಿಗೆ, ವ್ಯಭಿಚಾರ, ವಚನಭಂಗಗಳನ್ನು ಮಾಡುವುದಿಲ್ಲವೆಂದು ಆಣೆಯಿಡುತ್ತಿದ್ದರು. ಆಮೇಲೆ ಚದುರಿ, ಮತ್ತೆ ಕೂಡಿ, ಸಾಧಾರಣವಾದ ನಿರ್ದೋಷವಾದ ಆಹಾರವನ್ನು ಉಣ್ಣುತ್ತಿದ್ದರು. ಇನ್ನೂ ಏನೋ ಗುಟ್ಟಿರಬೇಕೆಂಬ ಅನುಮಾನದಿಂದ ಅವರಲ್ಲಿ ಪರಿಚಾರಿಕೆಯರೆನಿಸಿಕೊಂಡಿದ್ದ ಇಬ್ಬರು ದಾಸಿಯರನ್ನು ಪ್ಲಿನಿಯು ಚಿತ್ರಹಿಂಸೆಗೆ ಗುರಿಮಾಡಿದನು. ಮಿತಿಮೀರಿದ ಮೂಢನಂಬಿಕೆಯಲ್ಲದೆ ಬೇರೇನೂ ದೊರೆಯಲಿಲ್ಲವಂತೆ. ಆ ಇಬ್ಬರು ಹೆಂಗಸರ ಹೆಸರನ್ನು ಅವನು ಬರೆಯಲಿಲ್ಲ. ಪತ್ರದ ಕೊನೆಯಲ್ಲಿ ಅವನ ಸಮಾಧಾನದ ಕಾರಣಗಳು ಕುತೂಹಲಕರವಾಗಿವೆ: ಪಾಳುಬೀಳುತ್ತಿದ್ದ ದೇವಾಲಯಗಳಿಗೆ ಜನ ಮತ್ತೆ ಬರುತ್ತಿದ್ದಾರೆ, ಕೊಳ್ಳುವವರೇ ಇಲ್ಲದಿದ್ದ ಬಲಿಯ ಮಾಂಸಕ್ಕೆ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ! ಟ್ರೇಜನನ ಉತ್ತರವೂ ಅಷ್ಟೇ ಲೌಕಿಕವಾದದ್ದು. ಅವರನ್ನು ಹುಡುಕಿಕೊಂಡು ಹೋಗಬೇಡ. ದೂರು ಬಂದು ರುಜುವಾತಾದರೆ ಶಿಕ್ಷಿಸು. ನಮ್ಮ ದೇವತೆಗಳನ್ನು ಪೂಜಿಸಿ ತೋರಿದವನನ್ನು ಬಿಟ್ಟುಬಿಡು. ಸಹಿಯಿಲ್ಲದ ದೂರುಗಳನ್ನು ಮಾತ್ರ ಸ್ವೀಕರಿಸಬೇಡ, ಅದು ನಮ್ಮ ಕಾಲಕ್ಕೆ ತಕ್ಕುದಲ್ಲ.

ನಮ್ಮ ಓದುಗರಿಗೆ ಇಲ್ಲೊಂದು ತೊಡಕು ಬರಬಹುದು. ಅಷ್ಟೊಂದು ದೇವತೆಗಳನ್ನು ಒಪ್ಪಿದವರು ಇನ್ನೊಂದು ದೇವತೆಯನ್ನು ಏಕೆ ಸಹಿಸಲಿಲ್ಲ? ರೋಮಿನವರ ಧರ್ಮದಲ್ಲಿ ಶ್ರದ್ಧೆಯು ಮನಸ್ಸಿನ ವಿಷಯವಾಗಿದ್ದುದಕ್ಕಿಂತ ಹೆಚ್ಚಾಗಿ ಊರಿನ ವಿಷಯವಾಗಿದ್ದಿತು. ಊರಹಬ್ಬಕ್ಕೆ ಪ್ರತಿಯೊಂದು ಮನೆಯೂ ತನ್ನ ಪಾಲಿನ ಪಡಿಯನ್ನು ಸಲ್ಲಿಸಬೇಕಾಗಿರುವಲ್ಲಿ ಒಂದು ಮನೆಯು ಮಾತ್ರ ಕದವಿಕ್ಕಿಕೊಂಡು ಕುಳಿತರೆ, ಮಳೆ ತಪ್ಪಿದಾಗ ಎಲ್ಲರ ಕಣ್ಣೂ ಯಾವ ಮನೆಯ ಮೇಲೆ ಬೀಳುತ್ತದೆಂಬುದನ್ನು ಹೇಳಬೇಕಾಗಿಲ್ಲ. ಯಾರು ಏನನ್ನು ನಂಬುತ್ತಾರೆಂದು ಪ್ಲಿನಿಯು ಕೇಳಲಿಲ್ಲ. ಚಕ್ರವರ್ತಿಯ ಪ್ರತಿಮೆಯ ಮುಂದೆ ಚಿಟಿಕೆ ಧೂಪ, ತುಸು ದ್ರಾಕ್ಷಾರಸ, ಕ್ರಿಸ್ತನಿಗೆ ಒಂದು ಶಾಪ, ಇಷ್ಟೇ ಅವನಿಗೆ ಬೇಕಾಗಿದ್ದದ್ದು.

ಈ ನಾಗರಿಕ ಕರ್ತವ್ಯವನ್ನು ಲೆಕ್ಕಪತ್ರಕ್ಕೆ ಅಳವಡಿಸಿದವನು ಡೀಸಿಯಸ್ ಚಕ್ರವರ್ತಿ. 249ರಲ್ಲಿ ಪಟ್ಟಕ್ಕೆ ಬಂದ ಅವನು ಸಾಮ್ರಾಜ್ಯದ ಸಮಸ್ತ ಪ್ರಜೆಗಳೂ ದೇವತೆಗಳಿಗೆ ಬಲಿಯನ್ನರ್ಪಿಸಿ, ಅರ್ಪಿಸಿದುದಕ್ಕೆ ಪ್ರಮಾಣಪತ್ರವನ್ನು ಪಡೆಯಬೇಕೆಂದು ವಿಧಿಸಿದನು. ಈಜಿಪ್ಟಿನ ಒಣಮರಳಿನ ಕೃಪೆಯಿಂದ ಇಂಥ ಪ್ರಮಾಣಪತ್ರಗಳು ನಲವತ್ತಕ್ಕೂ ಹೆಚ್ಚು ದೊರೆತಿವೆ. ಎಲ್ಲವೂ 250ರ ಬೇಸಗೆಯವು, ಹಲವು ಫಯೂಮ್ ಪ್ರದೇಶದ ಥಿಯಡೆಲ್ಫಿಯ ಎಂಬ ಒಂದೇ ಹಳ್ಳಿಯವು. ಅವುಗಳ ಒಕ್ಕಣೆ ನಮ್ಮ ತಾಲ್ಲೂಕು ಕಚೇರಿಯ ಅರ್ಜಿಯ ನಮೂನೆಯಂತೆ ಏಕರೂಪ: ಬಲಿಯ ಮೇಲ್ವಿಚಾರಣೆಗೆ ನೇಮಕವಾದ ಸಮಿತಿಯವರಿಗೆ ಇಂಥ ಊರಿನ ಇಂಥವನ ಬಿನ್ನಹ, ನಾನು ಸದಾ ದೇವತೆಗಳಿಗೆ ಬಲಿಯನ್ನು ಸಲ್ಲಿಸುತ್ತ ಬಂದವನು, ಈಗಲೂ ಆಜ್ಞಾನುಸಾರವಾಗಿ ನಿಮ್ಮ ಸಮಕ್ಷಮದಲ್ಲಿ ಪಾನಾರ್ಪಣೆ ಮಾಡಿ, ಬಲಿಯಿತ್ತು, ಪ್ರಸಾದವನ್ನು ರುಚಿನೋಡಿದ್ದೇನೆ, ದೃಢೀಕರಿಸಿ ಕೊಡಬೇಕು. ಕೆಳಗೆ ಅಧಿಕಾರಿಯ ರುಜು, ತಾರೀಖು. 1893ರಲ್ಲಿ ಮೊದಲು ಪ್ರಕಟವಾದ ಪತ್ರದ ಅರ್ಜಿದಾರನು ಆರೇಲಿಯಸ್ ಡಯೋಜನೀಸ್ ಎಂಬ ಎಪ್ಪತ್ತೆರಡು ವರ್ಷದ ಮುದುಕ. ಗುರುತಿಗಾಗಿ ಬಲಹುಬ್ಬಿನ ಮೇಲೆ ಗಾಯದ ಕಲೆಯುಂಟೆಂದು ಬರೆಯಲಾಗಿದೆ.

ಇವುಗಳಲ್ಲೆಲ್ಲ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು ಆರೇಲಿಯಾ ಅಮ್ಮೋನೂಸ್ ಎಂಬಾಕೆಯ ಪತ್ರ. ಆಕೆ ಕ್ರೈಸ್ತಳಲ್ಲ. ಮೊಸಳೆಯ ರೂಪದ ಪೆಟೆಸೂಖೋಸ್ ದೇವರ ಪೂಜಾರಿಣಿ! ಜೀವಮಾನವೆಲ್ಲ ದೇವತಾರ್ಚನೆಯೇ ವೃತ್ತಿಯಾದವಳು ತಾನು ದೇವತೆಗಳನ್ನು ಪೂಜಿಸುವವಳೆಂದು ಸರಕಾರದಿಂದ ಚೀಟಿ ಪಡೆಯಬೇಕಾಗಿ ಬಂದಿತೆಂದರೆ, ಡೀಸಿಯಸನ ಆಜ್ಞೆಯು ಕೇವಲ ಕ್ರೈಸ್ತರನ್ನು ಹಿಡಿಯಲು ಹೂಡಿದ ಬಲೆಯೆಂಬ ಯೂಸೀಬಿಯಸನ ಕಾಲದಿಂದ ಬಂದ ಕಥನವು ಇದೊಂದು ತುಣುಕಿನ ಮುಂದೆ ಸಡಿಲವಾಗುತ್ತದೆ.

ಬಲೆಯೆಂದು ಉದ್ದೇಶಿಸದಿದ್ದರೂ ಸಿಕ್ಕಿಬಿದ್ದವರು ಕ್ರೈಸ್ತರೇ. ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ಪನಾಗಿದ್ದ ಸಿಪ್ರಿಯನ್ನನು ಆ ದಿನಗಳನ್ನು ಕುರಿತು ಬರೆದಿರುವ ಪ್ರಬಂಧದಲ್ಲಿ ವೀರಗಾಥೆಗಿಂತ ನಾಚಿಕೆಯ ಕಥೆಯೇ ಹೆಚ್ಚು. ಆಜ್ಞೆ ಬಂದ ಕೂಡಲೆ ಜನರು ತಾವಾಗಿ ನುಗ್ಗಿ ಬಲಿಕೊಟ್ಟರು. ಸಂಜೆಯಾಯಿತು, ನಾಳೆ ಬನ್ನಿರೆಂದು ಅಧಿಕಾರಿಗಳು ಹೇಳಿದರೂ ಇಂದೇ ಮುಗಿಸಿಕೊಡಬೇಕೆಂದು ಕೆಲವರು ಬೇಡಿದರು. ಇನ್ನು ಕೆಲವು ಜಾಣರು ಬಲಿಕೊಡದೆಯೇ ಲಂಚಕೊಟ್ಟು ಚೀಟಿಯನ್ನಷ್ಟೇ ಸಂಪಾದಿಸಿದರು. ಸಿಪ್ರಿಯನ್ನನಾದರೋ ತಲೆಮರೆಸಿಕೊಂಡಿದ್ದನು. 251ರಲ್ಲಿ ಡೀಸಿಯಸನು ಗೋಥರೊಡನೆ ಕಾದಾಡಿ ಮಡಿದ ಮೇಲೆ, ಜಾರಿದವರನ್ನು ಮರಳಿ ಸೇರಿಸಿಕೊಳ್ಳಬೇಕೆ ಬೇಡವೆ, ಬಲಿಕೊಟ್ಟವನಿಗೂ ಚೀಟಿ ಕೊಂಡವನಿಗೂ ಪ್ರಾಯಶ್ಚಿತ್ತ ಒಂದೇ ಆಗಬೇಕೆ ಎಂಬ ಪ್ರಶ್ನೆಗಳ ಮೇಲೆ ಚರ್ಚೇ ಒಡೆಯಿತು. ರೋಮಿನಲ್ಲಿ ನೊವೇಶಿಯನ್ ಎಂಬವನು ಕಟ್ಟುನಿಟ್ಟಿನವರ ಬೇರೆ ಬಣವನ್ನೇ ಕಟ್ಟಿದನು. ಸಿಪ್ರಿಯನ್ನನನ್ನು ಅಡಗಿಕೊಂಡವನೆಂದು ಹಳಿಯುವುದಕ್ಕೆ ಮೊದಲು, ಇನ್ನೊಬ್ಬ ಚಕ್ರವರ್ತಿಯ ಕಾಲದಲ್ಲಿ, 258ರಲ್ಲಿ, ಅವನು ಓಡಿಹೋಗದೆ ನಿಂತು ಕತ್ತಿಗೆ ತಲೆಯೊಡ್ಡಿದನೆಂಬುದನ್ನು ನೆನೆಯಬೇಕು.

ಈಜಿಪ್ಟಿನ ಮರಳಿನ ಮಾತು ಬಂದಮೇಲೆ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು ಹೇಳದೆ ಮುಂದುವರಿಯುವಂತಿಲ್ಲ. ಕೈರೋವಿನಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರು ದೂರದ ಈ ತಾಣದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ತರುಣ ಆಕ್ಸ್‌ಫರ್ಡ್ ವಿದ್ವಾಂಸರು 1896–97ರ ಚಳಿಗಾಲದಲ್ಲಿ ಅಗೆಯಲಾರಂಭಿಸಿದರು. ಪಟ್ಟಣದವರು ಶತಮಾನಗಳ ಕಾಲ ಬುಟ್ಟಿಗಟ್ಟಲೆ ತಂದು ಸುರಿದ ಹಳೆಯ ಪಪೈರಸ್ ಕಾಗದಗಳು ಮಳೆಕಾಣದ ಆ ನೆಲದಲ್ಲಿ ಹಾಗೆಯೇ ಇದ್ದವು. ಅವರು ಪ್ರಕಟಿಸಿದ ಮಾಲಿಕೆಯ ಮೊದಲನೆಯ ಸಂಖ್ಯೆಯ ತುಣುಕು ಯೇಸುವಿನ ವಚನಗಳ ಒಂದು ಹಾಳೆ. 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ಕಾಪ್ಟಿಕ್ ಹಸ್ತಪ್ರತಿಗಳು ದೊರೆತ ಮೇಲಷ್ಟೇ ಅದು ತೋಮನ ಸುವಾರ್ತೆಯ ಭಾಗವೆಂದು ಗೊತ್ತಾಯಿತು. ಇದೇ ಮಾಲಿಕೆಯ 413ನೆಯ ಸಂಖ್ಯೆಯ ತುಣುಕು ಕನ್ನಡಿಗರಲ್ಲಿ ಅನೇಕರು ಕೇಳಿರಬಹುದಾದ ಗ್ರೀಕ್ ಪ್ರಹಸನ. ಭಾರತದ ಕಡಲತೀರದ ದೇಗುಲವೊಂದರಲ್ಲಿ ಸೆರೆಯಾಗಿರುವ ಕ್ಯಾರಿಟಿಯನ್ ಎಂಬ ಗ್ರೀಕ್ ಕನ್ಯೆಯನ್ನು ಅವಳ ಕಡೆಯವರು ಅಲ್ಲಿಯ ರಾಜನಿಗೆ ಹೆಂಡ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಅಪರಿಚಿತ ಮಾತುಗಳು ಕನ್ನಡವೆಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸನು 1904ರಲ್ಲಿ ಸೂಚಿಸಿದ ಬಳಿಕ ಗೋವಿಂದ ಪೈ ಮೊದಲಾದವರು ಅದನ್ನು ವಿಸ್ತಾರವಾಗಿ ಚರ್ಚಿಸಿದರು, ಒಪ್ಪದವರೂ ಇದ್ದಾರೆ. ಕನ್ನಡವಿರಲಿ ಇಲ್ಲದಿರಲಿ, ಯೇಸುವಿನ ವಚನಗಳ ಹಾಳೆಯೂ ಕುಡುಕ ರಾಜನ ಪ್ರಹಸನವೂ ಒಂದೇ ಊರಿನ ತಿಪ್ಪೆಯಿಂದ ಬಂದವೆಂಬುದು ಆ ಕಾಲದ ಸಾಮಾನ್ಯರ ಬಾಳನ್ನು ಊಹಿಸಲು ಸಾಕಾದ ಸಾಮಗ್ರಿ.

ಆ ತಿಪ್ಪೆಯಿಂದಲೇ ಬಂದ ಇನ್ನೆರಡು ಕಾಗದಗಳನ್ನು ಇಲ್ಲಿ ಸ್ಮರಿಸಬೇಕು. 303ರಲ್ಲಿ ಡಯೊಕ್ಲೀಶಿಯನ್ ಚಕ್ರವರ್ತಿಯು ಚರ್ಚುಗಳನ್ನು ಕೆಡವಿ ಧರ್ಮಗ್ರಂಥಗಳನ್ನು ಸುಡಬೇಕೆಂದು ಆಜ್ಞಾಪಿಸಿದ ಮರುವರ್ಷ, ಅಮ್ಮೋನಿಯಸ್ ಎಂಬವನು ಅಧಿಕಾರಿಗಳಿಗೆ ಒಂದು ಹೇಳಿಕೆಯನ್ನು ಕೊಟ್ಟನು. ಅವನು ಹಳ್ಳಿಯೊಂದರ ಚರ್ಚಿನ ಪಾಠಕ, ಎಂದರೆ ಸಭೆಯಲ್ಲಿ ಧರ್ಮಗ್ರಂಥವನ್ನು ಓದಿಹೇಳುವವನು. ನಮ್ಮ ಚರ್ಚಿನಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ, ಹಣವಿಲ್ಲ, ವಸ್ತ್ರವಿಲ್ಲ, ದನಕರುವಿಲ್ಲ, ಭೂಮಿಯಿಲ್ಲ. ಇದ್ದ ಅಲ್ಪವನ್ನು ಅಲೆಕ್ಸಾಂಡ್ರಿಯಕ್ಕೆ ಸಾಗಿಸಲು ಒಪ್ಪಿಸಿದ್ದಾಗಿದೆ ಎಂದು ಚಕ್ರವರ್ತಿಗಳ ಆಣೆಯಿಟ್ಟು ಅವನು ಹೇಳುತ್ತಾನೆ. ಪಟ್ಟಿಯಲ್ಲಿ ಪುಸ್ತಕದ ಮಾತೇ ಇಲ್ಲ. ಕೊನೆಯಲ್ಲಿ, ಇವನಿಗೆ ಅಕ್ಷರ ಬಾರದಾದುದರಿಂದ ಇವನ ಪರವಾಗಿ ನಾನು ಸಹಿ ಮಾಡಿದ್ದೇನೆಂದು ಬೇರೊಬ್ಬನ ಬರಹವಿದೆ. ಓದುವುದೇ ಉದ್ಯೋಗವಾದವನಿಗೆ ಅಕ್ಷರ ಬಾರದೆ? ಗ್ರೀಕ್ ಬಾರದಿದ್ದು ಕಾಪ್ಟಿಕ್ ಬರುತ್ತಿದ್ದಿರಬಹುದು, ಬಾಯಿಪಾಠದಿಂದ ಒಪ್ಪಿಸುತ್ತಿದ್ದಿರಬಹುದು, ಅಥವಾ ಆ ಆಣೆಯ ಕೆಳಗೆ ತನ್ನ ಕೈಯಿಂದ ಹೆಸರು ಹಾಕಲು ಮನಸ್ಸೊಪ್ಪದೆ ಹೂಡಿದ ಉಪಾಯವಿರಬಹುದೆಂದು ವಿದ್ವಾಂಸರು ತರ್ಕಿಸಿದ್ದಾರೆ. ಇದು ಉಪಾಯವೇ ಆಗಿದ್ದರೆ ಒಳ್ಳೆಯದಿತ್ತೆಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಕಾಗದವು ಕೋಪ್ರೀಸ್ ಎಂಬ ಕ್ರೈಸ್ತನು ಪರವೂರಿನಿಂದ ತನ್ನ ಹೆಂಡತಿಗೆ ಬರೆದದ್ದು. ಆಕೆಯ ಹೆಸರು ಸರಪಿಯಾಸ್, ಸರಾಪಿಸ್ ಎಂಬ ಈಜಿಪ್ಟಿನ ದೇವರ ಹೆಸರಿನಿಂದ ಬಂದದ್ದು. ಜಮೀನಿನ ವ್ಯಾಜ್ಯಕ್ಕಾಗಿ ಹೋದವನಿಗೆ, ನ್ಯಾಯಾಲಯಕ್ಕೆ ಬಂದವರೆಲ್ಲ ಮೊದಲು ಬಲಿಯನ್ನರ್ಪಿಸಬೇಕೆಂಬ ನಿಯಮವಾಗಿರುವುದು ಅಲ್ಲಿ ಹೋದಮೇಲೆ ತಿಳಿಯಿತು. ಅದಕ್ಕೆ ಅವನೇನು ಮಾಡಿದ? ತಮ್ಮನಿಗೋ ಅಣ್ಣನಿಗೋ ಮುಖ್ತ್ಯಾರ್‌ನಾಮೆ ಬರೆದುಕೊಟ್ಟು ತಾನು ಹಿಂದೆ ಸರಿದನು. ಉದ್ವೇಗವಿಲ್ಲ, ಶಾಪವಿಲ್ಲ, ವಕೀಲರನ್ನು ಗೊತ್ತುಮಾಡಿದ್ದೇನೆ, ದಾವೆ ನಡೆಯುತ್ತದೆ ಎಂಬ ಸಮಾಚಾರವಷ್ಟೇ ಇದೆ. ಯೂಸೀಬಿಯಸನ ಇತಿಹಾಸದಲ್ಲಿ ಇಂಥವನಿಗೆ ಜಾಗವಿಲ್ಲ. ಅವನು ಹುತಾತ್ಮನೂ ಅಲ್ಲ, ಜಾರಿದವನೂ ಅಲ್ಲ. ಆದರೆ ಕ್ರೈಸ್ತರಲ್ಲಿ ಬಹುಮಂದಿ ಇವನಂತೆಯೇ ದಿನಗಳನ್ನು ಕಳೆದಿರಬೇಕು.

313ರ ಹೊತ್ತಿಗೆ ಚಕ್ರವರ್ತಿ ಕಾನ್‌ಸ್ಟಂಟೈನನ ಆಶ್ರಯದಿಂದ ಕ್ರೈಸ್ತರ ಪಾಲಿಗೆ ಕಾಲಚಕ್ರವು ತಿರುಗಿತು. ತಿರುಗಿದ ಚಕ್ರವನ್ನು ಹಿಂದಕ್ಕೆಳೆಯಲು ಯತ್ನಿಸಿದ ಜೂಲಿಯನ್ನನ ಕಥೆಯನ್ನು ಅವನ ಬರಹಗಳಲ್ಲಿಯೇ ಓದಬೇಕು. ಕ್ರೈಸ್ತನಾಗಿ ಬೆಳೆದು, ಗುಟ್ಟಾಗಿ ಹಳೆಯ ದೇವತೆಗಳಿಗೆ ಮನಸೋತು, 361ರಲ್ಲಿ ಚಕ್ರವರ್ತಿಯಾದ ಈ ಗಡ್ಡದ ತತ್ತ್ವಜ್ಞನು ಆಂಟಿಯೋಕಿನ ಬಳಿಯ ಡಾಫ್ನೆಯಲ್ಲಿದ್ದ ಅಪೋಲೋವಿನ ವಾರ್ಷಿಕೋತ್ಸವಕ್ಕೆಂದು ಆತುರದಿಂದ ಬಂದನು. ದಾರಿಯುದ್ದಕ್ಕೂ ಅವನ ಕಣ್ಣಮುಂದೆ ಬಲಿಪಶುಗಳ ಸಾಲು, ಗೀತಮೇಳ, ಧೂಪದ ಹೊಗೆ, ಬಿಳಿಯುಡುಗೆಯ ತರುಣರು. ದೇವಾಲಯದೊಳಗೆ ಹೋಗಿ ನೋಡಿದರೆ ಧೂಪವೂ ಇಲ್ಲ, ಒಂದು ಪಿಷ್ಟದ ನೈವೇದ್ಯವೂ ಇಲ್ಲ. ಪಟ್ಟಣದವರು ಏನನ್ನು ಕಳುಹಿಸಿದ್ದಾರೆಂದು ಕೇಳಿದಾಗ ಪೂಜಾರಿಯು, ಪಟ್ಟಣದವರು ಏನನ್ನೂ ಕಳುಹಿಸಲಿಲ್ಲ, ನಾನೇ ನಮ್ಮ ಮನೆಯಿಂದ ಒಂದು ಹೆಬ್ಬಾತನ್ನು ತಂದಿದ್ದೇನೆ ಎಂದನು. ಈ ಪ್ರಸಂಗವನ್ನು ಆಂಟಿಯೋಕಿನವರನ್ನು ಮೂದಲಿಸುವುದಕ್ಕಾಗಿ ಜೂಲಿಯನ್ನನೇ ಬರೆದಿಟ್ಟನು. ಅದು ತನ್ನ ಸೋಲಿನ ದಾಖಲೆಯೂ ಆಗುತ್ತದೆಂಬುದು ಅವನಿಗೆ ಹೊಳೆದಂತಿಲ್ಲ. ಗಲಾಶಿಯದ ಪ್ರಧಾನ ಪೂಜಾರಿಗೆ ಬರೆದ ಪತ್ರದಲ್ಲಿ ಅವನು ಇನ್ನೂ ಸ್ಪಷ್ಟವಾಗಿ ತೋಡಿಕೊಂಡಿದ್ದಾನೆ: ಗೆಲಿಲಿಯದವರು, ಎಂದರೆ ಕ್ರೈಸ್ತರು, ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಪೋಷಿಸುತ್ತಾರೆ, ನಾವು ಕೈಕಟ್ಟಿ ಕುಳಿತಿದ್ದೇವೆ, ಊರೂರಿನಲ್ಲಿ ಧರ್ಮಶಾಲೆಗಳನ್ನು ಕಟ್ಟಿಸು. ಹಳೆಯ ಮತವನ್ನು ಉಳಿಸಲು ಹೊಸ ಮತದ ನಕಲನ್ನೇ ತೆಗೆಯಬೇಕಾಯಿತು. ಕ್ರೈಸ್ತರು ಗ್ರೀಕ್ ಸಾಹಿತ್ಯವನ್ನು ಪಾಠ ಹೇಳಕೂಡದೆಂಬ ಅವನ ಕಟ್ಟಳೆಯನ್ನಂತೂ ಅವನನ್ನು ಮೆಚ್ಚಿದ, ತಾನೂ ದೇವತಾರಾಧಕನಾಗಿದ್ದ ಇತಿಹಾಸಕಾರ ಅಮ್ಮಿಯಾನಸನೇ ಖಂಡಿಸಿದ್ದಾನೆ. 363ರಲ್ಲಿ ಪರ್ಷಿಯದ ಯುದ್ಧದಲ್ಲಿ ಜೂಲಿಯನ್ನನು ತೀರಿಕೊಂಡನು.

ವಾದಗಳು ಕೈಬದಲಾದುದನ್ನು ಈಗ ನೋಡಬಹುದು. 212ರಲ್ಲಿ ಕಾರ್ಥೇಜಿನ ಟರ್ಟಲಿಯನ್ ಎಂಬ ಕ್ರೈಸ್ತ ಲೇಖಕನು ಪ್ರಾಂತಾಧಿಕಾರಿಗೆ ಬರೆದ ಬಹಿರಂಗ ಪತ್ರದಲ್ಲಿ, ಯಾರು ಯಾವುದನ್ನು ಪೂಜಿಸಬೇಕೆಂಬುದು ಅವರವರ ಸಹಜವಾದ ಹಕ್ಕು, ಧರ್ಮವನ್ನು ಬಲಾತ್ಕಾರದಿಂದ ಹೇರುವುದು ಧರ್ಮವಲ್ಲ ಎಂದು ವಾದಿಸಿದ್ದನು. 386ರ ಸುಮಾರಿಗೆ, ಸಂನ್ಯಾಸಿಗಳ ಗುಂಪುಗಳು ಹಳ್ಳಿಯ ದೇಗುಲಗಳನ್ನು ಕೆಡಹುತ್ತಿದ್ದಾಗ, ಆಂಟಿಯೋಕಿನ ವೃದ್ಧ ವಾಗ್ಮಿ ಲಿಬೇನಿಯಸನು ಚಕ್ರವರ್ತಿ ಥಿಯೊಡೋಸಿಯಸನನ್ನು ಉದ್ದೇಶಿಸಿ ರಚಿಸಿದ ಭಾಷಣದಲ್ಲಿ ಅದೇ ತರ್ಕವನ್ನೆತ್ತಿ, ಬಲಾತ್ಕಾರ ಕೂಡದೆಂಬುದು ನಿಮ್ಮವರದೇ ನಿಯಮವಂತಲ್ಲ ಎಂದು ನೆನಪಿಸುತ್ತಾನೆ.

ಇವೆಲ್ಲಕ್ಕಿಂತ ಪ್ರಸಿದ್ಧವಾದದ್ದು ವಿಜಯದೇವತೆಯ ವೇದಿಕೆಯ ವಿವಾದ. ಆಗಸ್ಟಸನ ಕಾಲದಿಂದ ರೋಮಿನ ಸೆನೆಟ್ ಸಭಾಭವನದಲ್ಲಿದ್ದ ಈ ವೇದಿಕೆಯನ್ನು 382ರಲ್ಲಿ ಗ್ರೇಶಿಯನ್ ಚಕ್ರವರ್ತಿಯು ತೆಗೆಸಿದನು; ಪವಿತ್ರಾಗ್ನಿಯನ್ನು ಕಾಯುತ್ತಿದ್ದ ವೆಸ್ಟಾ ಕನ್ಯೆಯರಿಗೆ ಸಲ್ಲುತ್ತಿದ್ದ ರಾಜಧನವನ್ನೂ ನಿಲ್ಲಿಸಿದನು. 384ರಲ್ಲಿ ರೋಮಿನ ನಗರಾಧ್ಯಕ್ಷನಾಗಿದ್ದ ಸಿಮ್ಮಾಕಸನು ಬಾಲಕನಾದ ಎರಡನೆಯ ವ್ಯಾಲೆಂಟೀನಿಯನ್ನನಿಗೆ, ಇವೆರಡನ್ನೂ ಹಿಂದಕ್ಕೆ ಕೊಡಬೇಕೆಂದು ಬಿನ್ನವತ್ತಳೆಯನ್ನು ಸಲ್ಲಿಸಿದನು. ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ಮುಟ್ಟಲಾಗದೆಂಬ ಅವನ ಮಾತನ್ನು ಕೇಳಿದೊಡನೆ ನಮ್ಮವರಿಗೆ ಋಗ್ವೇದವು ನೆನಪಾಗಿ ರೋಮಾಂಚವಾಗುವುದು ಸಹಜ. ಆದರೂ ಸಿಮ್ಮಾಕಸನನ್ನು ಸರ್ವಧರ್ಮಸಮನ್ವಯದ ಋಷಿಯೆಂದು ಬಗೆಯುವುದಕ್ಕೆ ನಾನು ಸಿದ್ಧನಿಲ್ಲ. ಹಿಂದಿನ ವರ್ಷದ ಬೆಳೆ ಕೆಟ್ಟದ್ದು ಕನ್ಯೆಯರ ವೃತ್ತಿಯನ್ನು ಕಿತ್ತುಕೊಂಡ ಪಾಪದ ಫಲವೆನ್ನುವವನು, ಆ ವೃತ್ತಿಯ ಬಾಬ್ತನ್ನು ಬಹು ಚೆನ್ನಾಗಿ ಬಲ್ಲವನು. ಅವನದೇ ಸೆನೆಟ್ಟು ಬಲವಾಗಿದ್ದ ಕಾಲದಲ್ಲಿ ಈ ಅನೇಕ ದಾರಿಗಳ ತತ್ತ್ವವು ಯಾವ ಕ್ರೈಸ್ತನನ್ನೂ ಉಳಿಸಿರಲಿಲ್ಲ.

ಮಿಲಾನಿನ ಬಿಷಪ್ ಆಂಬ್ರೋಸನು ಅರ್ಜಿಯ ಸುದ್ದಿ ತಿಳಿದ ಕೂಡಲೆ, ಅದನ್ನು ಓದುವುದಕ್ಕೂ ಮುಂಚೆಯೇ, ಇದಕ್ಕೆ ಒಪ್ಪಿದರೆ ಚರ್ಚಿನಲ್ಲಿ ನಿನಗೆ ಪುರೋಹಿತನು ಸಿಗಲಾರನೆಂದು ಚಕ್ರವರ್ತಿಯನ್ನು ಎಚ್ಚರಿಸಿದನು. ಬಳಿಕ ಪ್ರತಿಯನ್ನು ತರಿಸಿಕೊಂಡು ವಿವರವಾಗಿ ಉತ್ತರಿಸಿದನು. ಗಾಲರು ರೋಮನ್ನು ಮುತ್ತಿದಾಗ ಕಾವಲು ಕಾದದ್ದು ಹೆಬ್ಬಾತುಗಳಂತೆ, ಜುಪಿಟರನು ಆಗ ಅವುಗಳ ಕೊರಳಿನಿಂದ ಕೂಗುತ್ತಿದ್ದನೆ ಎಂದು ಗೇಲಿಮಾಡಿದನು. ಬೆಳೆಯ ವಿಷಯದಲ್ಲಿ, ಕನ್ಯೆಯರಿಗೆ ವೃತ್ತಿ ಮರಳದಿದ್ದರೂ ಈ ವರ್ಷ ಸುಗ್ಗಿ ಸೊಗಸಾಗಿದೆಯಲ್ಲ ಎಂದನು. ಆದರೆ ಅವನ ಉತ್ತರದಲ್ಲಿ ನಿಜವಾಗಿ ನಿಂತು ಓದಬೇಕಾದ ಭಾಗ ಬೇರೆ. ಹಿರಿಯರ ಪದ್ಧತಿಯನ್ನು ಬಿಡಬಾರದೆಂಬ ವಾದಕ್ಕೆ ಅವನು ಒರಿಜೆನ್ನನಂತೆ ನಮ್ಮದೇ ಹಿರಿದೆಂದು ಹೇಳಲಿಲ್ಲ. ಜಗತ್ತೇ ಕ್ರಮಕ್ರಮವಾಗಿ ಬೆಳೆದು ಉತ್ತಮವಾಗುತ್ತದೆ, ಮುಪ್ಪಿನಲ್ಲಿಯೂ ತಿದ್ದಿಕೊಳ್ಳುವುದಕ್ಕೆ ನಾಚಬೇಕಾಗಿಲ್ಲ ಎಂದನು. ನೂರಮೂವತ್ತು ವರ್ಷಗಳ ಹಿಂದೆ ಯಾವ ಹೊಸತನವನ್ನು ಕ್ರೈಸ್ತರು ಕಳಂಕವೆಂದು ತೊಳೆದುಕೊಳ್ಳಲು ಹೆಣಗಿದ್ದರೋ ಅದನ್ನೇ ಈಗ ಆಭರಣದಂತೆ ಧರಿಸಿದರು. ಗೆದ್ದವನಿಗಲ್ಲದೆ ಈ ಧೈರ್ಯ ಬರುವುದಿಲ್ಲ.

ವೇದಿಕೆಯು ಆಗ ಮರಳಲಿಲ್ಲ. 402ರ ಸುಮಾರಿಗೂ ಪ್ರುಡೆಂಶಿಯಸ್ ಎಂಬ ಕ್ರೈಸ್ತ ಕವಿಯು ಸಿಮ್ಮಾಕಸನನ್ನು ಖಂಡಿಸಿ ಕಾವ್ಯವನ್ನೇ ಬರೆದನು. ಸಿಮ್ಮಾಕಸ್, ಆಂಬ್ರೋಸ್ ಎಂಬ ಈ ಇಬ್ಬರು ಎದುರಾಳಿಗಳನ್ನು ಶತ್ರುಗಳೆಂದು ಊಹಿಸಿಕೊಂಡವರು ಇನ್ನೆರಡು ಸಂಗತಿಗಳನ್ನು ತಿಳಿಯಬೇಕು. ಅದೇ 384ರಲ್ಲಿ ಮಿಲಾನಿನವರು ಅಲಂಕಾರಶಾಸ್ತ್ರದ ಉಪಾಧ್ಯಾಯನೊಬ್ಬನು ಬೇಕೆಂದು ರೋಮಿಗೆ ಬರೆದಾಗ, ಅಭ್ಯರ್ಥಿಯ ಭಾಷಣವನ್ನು ಕೇಳಿ ಆರಿಸಿ ಕಳುಹಿಸಿದವನು ಸಿಮ್ಮಾಕಸ್. ಹೋದ ತರುಣನ ಹೆಸರು ಆಗಸ್ಟೀನ್. ಮಿಲಾನಿನಲ್ಲಿ ಅವನು ಆಂಬ್ರೋಸನ ಉಪದೇಶಗಳನ್ನು ಕೇಳತೊಡಗಿ, 387ರಲ್ಲಿ ಅವನ ಕೈಯಿಂದಲೇ ದೀಕ್ಷಾಸ್ನಾನವನ್ನು ಪಡೆದು, ಮುಂದೆ ಪಶ್ಚಿಮದ ಚರ್ಚಿನ ಮಹಾಪಂಡಿತನಾದನು. ಇನ್ನು ಸಿಮ್ಮಾಕಸನ ಪತ್ರಸಂಗ್ರಹದಲ್ಲಿ ಆಂಬ್ರೋಸನಿಗೆ ಬರೆದ ಕೆಲವು ಚಿಕ್ಕ ಕಾಗದಗಳಿವೆ. ಅವುಗಳಲ್ಲಿ ದೇವತೆಗಳ ವಿಚಾರವಿಲ್ಲ. ತನ್ನ ಪರಿಚಿತರೊಬ್ಬರಿಗೆ ಒಂದು ಉಪಕಾರವಾಗಬೇಕಾಗಿದೆ, ದಯವಿಟ್ಟು ನೋಡಿಕೊಳ್ಳಬೇಕು ಎಂಬಂಥ ಶಿಫಾರಸುಗಳೇ ಹೆಚ್ಚು.